ಹಸಿರು ರೇಷ್ಮೆಯೊಳಗಿನ ಪ್ರಮಾಣ

"ನಮ್ಮ ನ್ಯಾಯಸಭೆಯಲ್ಲಿ ಕ್ರೈಸ್ತ, ಅನ್ಯಮತೀಯ ಎಂಬ ಭೇದವೇ ಇಲ್ಲ. ಯಾರೇ ಬರಲಿ, ಅದೇ ಬೈಬಲ್, ಅದೇ ಪ್ರಮಾಣ" ಎಂದು ಮೊಂತಾರಾದ ದೊರೆ ರಿನಾಲ್ದೋ ಹೆಮ್ಮೆಯಿಂದ ನುಡಿದಾಗ ಸಭೆಗೆ ಸಭೆಯೇ ತಲೆದೂಗಿತು. ಮೊಂತಾರಾ ಕಡಲಂಚಿನ ಪುಟ್ಟ ಕ್ರೈಸ್ತ ರಾಜ್ಯ. ಅಲ್ಲಿ ತಲೆದೂಗುವುದೂ ಒಂದು ಉದ್ಯೋಗವಾಗಿತ್ತು.

ತಲೆದೂಗದೆ ಕುಳಿತಿದ್ದವನು ತೀರ್ಪು ಬರೆಯುವ ಕರಣಿಕ ತೊಬಿಯಾಸ್ ಒಬ್ಬನೇ. ಅವನ ದೃಷ್ಟಿ ಕಟಕಟೆಯಲ್ಲಿದ್ದ ಇದ್ರೀಸನ ಮೇಲಿತ್ತು.

ಇದ್ರೀಸ್ ಕುದುರೆಗಳ ವೈದ್ಯ. ಅಜ್ಜಂದಿರ ಕಾಲದಲ್ಲಿ ಹಡಗಿನಿಂದಿಳಿದು ನೆಲೆಸಿದ ನಲವತ್ತು ಮುಸಲ್ಮಾನ ಮನೆಗಳಲ್ಲಿ ಅವನದೂ ಒಂದು. ಅವನು ಮರಿಯಿಂದ ಸಾಕಿದ ಕಂದು ಹೆಣ್ಣುಗುದುರೆಯನ್ನು ಗಾಸ್ಪರ್ ಪ್ರಭು ತನ್ನ ಲಾಯಕ್ಕೆ ಎಳೆದೊಯ್ದು ವಾರವಾಗಿತ್ತು. ಅದನ್ನೇರಿ ಊರೂರು ತಿರುಗಿದರಷ್ಟೇ ವೈದ್ಯನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಸಾಕ್ಷಿಗಳಿದ್ದರು, ಆದರೆ ಅವರೂ ಅದೇ ಕೇರಿಯವರು. ಬೈಬಲ್ ಮುಟ್ಟದವರ ಮಾತು ಸಭೆಯ ಕಿವಿಗೆ ಬೀಳುವಂತಿರಲಿಲ್ಲ.

ಬಿಷಪ್ಪರು ಕನಿಕರದಿಂದಲೇ ಹೇಳಿದರು: "ಒಂದು ಕ್ಷಣ ಕೈಯಿಟ್ಟು ತೆಗೆಯಪ್ಪ. ಬರಿಯ ಪದ್ಧತಿ."

"ಬರಿಯ ಪದ್ಧತಿಯಾದರೆ ಬಿಟ್ಟುಬಿಡಬಹುದಲ್ಲ, ಸ್ವಾಮಿ?" ಎಂದ ಇದ್ರೀಸ್. "ನನ್ನದಲ್ಲದ ಗ್ರಂಥದ ಮೇಲೆ ಆಣೆಯಿಟ್ಟರೆ ಅದು ನನ್ನನ್ನು ಕಟ್ಟಿಹಾಕುವುದಿಲ್ಲ. ಕಟ್ಟದ ಆಣೆಯನ್ನು ಕಟ್ಟಿತೆಂದು ತೋರಿಸಿಕೊಂಡರೆ, ಮೊದಲ ಮಾತೇ ಸುಳ್ಳಾಯಿತು."

"ಕುದುರೆ ಹೋದರೂ ಹಟ ಹೋಗಲಿಲ್ಲ" ಎಂದು ಗಾಸ್ಪರ್ ನಕ್ಕ. ಬೈಬಲಿನ ಮೇಲೆ ಕೈಯಿಟ್ಟು, "ಕುದುರೆ ನನ್ನದು" ಎಂದ. ಹಿಂದಿನ ವರ್ಷ ಪಕ್ಕದವರ ಹೊಲವನ್ನೂ ಅವನು ಹೀಗೆಯೇ ತನ್ನದೆಂದಿದ್ದುದನ್ನು ತೊಬಿಯಾಸನೇ ಬರೆದುಕೊಂಡಿದ್ದ.

"ಬರೆದುಕೊಳ್ಳಯ್ಯ ತೀರ್ಪು" ಎಂದ ದೊರೆ.

ತೊಬಿಯಾಸ್ ಲೇಖನಿಯನ್ನು ಕೆಳಗಿಟ್ಟ. "ಬರೆಯುತ್ತೇನೆ, ಮಹಾಪ್ರಭು. ಆದರೆ ಗಾಸ್ಪರ್ ಪ್ರಭುಗಳು ಇದ್ರೀಸನ ಮತದವರ ಗ್ರಂಥದ ಮೇಲೂ ಪ್ರಮಾಣ ಮಾಡಲು ಸಿದ್ಧರಿದ್ದರೆ, ನಲವತ್ತು ಮನೆಗಳ ಬಾಯಿಯೂ ಮುಚ್ಚೀತು."

"ಅದಕ್ಕೇನು, ತಾರಯ್ಯ" ಎಂದ ಗಾಸ್ಪರ್.

ತೊಬಿಯಾಸ್ ಒಳಗೆ ಹೋಗಿ, ಹಸಿರು ರೇಷ್ಮೆಯಲ್ಲಿ ಸುತ್ತಿದ ದಪ್ಪನೆಯ ಪುಸ್ತಕವೊಂದನ್ನು ಎರಡೂ ಕೈಗಳಲ್ಲಿ ಹೊತ್ತುತಂದು ಮುಂದಿಟ್ಟ. ಅದೇನೆಂದು ಅವನು ಹೇಳಲಿಲ್ಲ. ಗಾಸ್ಪರ್ ಕೇಳಲೂ ಇಲ್ಲ, ನೇರ ಅದರ ಮೇಲೆ ಕೈಯಿಟ್ಟ.

"ಈ ಪರಮ ಪವಿತ್ರ ಗ್ರಂಥದ ಮೇಲಾಣೆ. ಇದನ್ನೇ ನಂಬಿದವನಾಗಿ ಹೇಳುತ್ತೇನೆ, ಕುದುರೆ ನನ್ನದು."

ಬಿಷಪ್ಪರು ಬೆಚ್ಚಿದರು. "ಇದನ್ನೇ ನಂಬಿದವನಾಗಿ?"

"ಬರಿಯ ಪದ್ಧತಿ, ಸ್ವಾಮಿ" ಎಂದ ಗಾಸ್ಪರ್. "ಕರಣಿಕ, ಯೆಹೂದ್ಯರದ್ದೇನಾದರೂ ಇದ್ದರೆ ಅದನ್ನೂ ತಂದುಬಿಡು. ಪದೇ ಪದೇ ಬರಲು ನನಗೆ ಪುರಸೊತ್ತಿಲ್ಲ."

ತೊಬಿಯಾಸ್ ನಿಧಾನವಾಗಿ ರೇಷ್ಮೆಯನ್ನು ಬಿಚ್ಚಿ, ಪುಸ್ತಕ ತೆರೆದು ಗಟ್ಟಿಯಾಗಿ ಓದಿದ: "ಬಾತುಕೋಳಿಯನ್ನು ಬೆಣ್ಣೆಯಲ್ಲಿ ಹದವಾಗಿ ಹುರಿಯುವ ಕ್ರಮ."

ಅದು ಅರಮನೆಯ ಬಾಣಸಿಗನ ಪುಸ್ತಕ. ಸಭೆಯಲ್ಲಿ ತಲೆದೂಗುವುದು ನಿಂತುಹೋಯಿತು.

"ಮಹಾಪ್ರಭು, ಯಾವ ಪುಸ್ತಕವಾದರೂ ಆದೀತು ಎನ್ನುವವರಿಗೆ ಯಾವುದೂ ಗ್ರಂಥವಲ್ಲ" ಎಂದ ತೊಬಿಯಾಸ್. "ಇವರ ಕೈಗೆ ಬೈಬಲೂ ಒಂದೇ, ಬಾತುಕೋಳಿಯೂ ಒಂದೇ."

ದೊರೆ ನಗು ತಡೆಯಲಾರದೆ ಕೇಳಿದ: "ಗಾಸ್ಪರ್, ಈಗ ಯಾವ ಗ್ರಂಥವೂ ಇಲ್ಲದೆ ಹೇಳು. ಕುದುರೆ ಯಾರದು?"

"ಅದು... ಸದ್ಯಕ್ಕೆ ನನ್ನ ಲಾಯದಲ್ಲಿದೆ, ಮಹಾಪ್ರಭು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕುದುರೆ ಸಂಜೆಯೊಳಗೆ ಇದ್ರೀಸನ ಬಾಗಿಲಿಗೆ ಬರಬೇಕೆಂದೂ, ಇನ್ನು ಮುಂದೆ ಅವರವರು ಅವರವರ ಗ್ರಂಥದ ಮೇಲೆಯೇ ಪ್ರಮಾಣ ಮಾಡಬೇಕೆಂದೂ ಆಜ್ಞೆಯಾಯಿತು.

ಬಿಷಪ್ಪರ ಮುಖ ಮಾತ್ರ ಅರಳಲಿಲ್ಲ. "ಹಾಗಾದರೆ ಕರಣಿಕ, ಇಂದು ಈ ಸಭೆಯಲ್ಲಿ ನಮ್ಮ ಬೈಬಲಿಗೆ ಉಳಿದ ಗೌರವವಾದರೂ ಏನು?"

ತೊಬಿಯಾಸ್ ತಲೆಬಾಗಿ ಹೇಳಿದ: "ಬೇಕಾದಷ್ಟು ಉಳಿಯಿತು, ಸ್ವಾಮಿ. ಉಳಿಸಿದವನು ಅದನ್ನು ಮುಟ್ಟದೆ ನಿಂತವನು."