ಕರಡಿರಾಯನಿಗೆ ಎಷ್ಟು ಜೇನು ಬೇಕು?

ಸಾಫ್ಟ್‌ವೇರಿನಲ್ಲಿ ಹುಡುಕುವ ಸೌಲಭ್ಯ ಬರೆಯುವವರು ಊಟಕ್ಕೆ ಕೂರುವ ಮುಂಚೆ ಒಂದು ಕಾಗೆಗೆ ತುತ್ತು ಎತ್ತಿಡಬೇಕು. ಆಕೆ ಪಟ್ಟ ಪಾಡು ಅಂಥದ್ದು.

ಕಾಡಿನಲ್ಲಿ ಯಾರು ಏನು ಕೇಳಿದರೂ ಹುಡುಕಿ ಕೊಡುವುದು ಆಕೆಯ ಕೆಲಸ. ಹೆಸರು ಹೇಳಿದರೆ ಸಾಕು, ಬಳಗವನ್ನೆಲ್ಲ ಕರೆದು, ಕಂಡಷ್ಟನ್ನೂ ತಂದು ಸುರಿಯುತ್ತಿದ್ದಳು.

ಒಂದು ದಿನ ಕರಡಿರಾಯ "ಜೇನು" ಎಂದ. ಏಳು ಗೂಡು ಬಂದು ಬಿದ್ದವು, ಹುಳಗಳ ಸಮೇತ. ಅವನ ಮೂತಿ ಹಲಸಿನಕಾಯಿಯಂತೆ ಊದಿತು.

"ಒಂದು ಸಾಕಿತ್ತಲ್ಲೇ! ಎಷ್ಟು ಬೇಕೆಂದು ಹೇಳುವುದಕ್ಕೆ ನೀನು ಅವಕಾಶವನ್ನೇ ಇಟ್ಟಿಲ್ಲ!"

ಕಾಗೆಗೆ ಮಾತು ನ್ಯಾಯವೆನಿಸಿತು. "ಇನ್ನು ಮೇಲೆ ಹೆಸರಿನ ಜೊತೆ ಎಷ್ಟು ಬೇಕೆಂದೂ ಹೇಳಬಹುದು" ಎಂದು ಕಾಡಿಗೆಲ್ಲ ಸಾರಿದಳು.

ಮುದಿ ಆನೆ ಗಾಬರಿಯಾದ. "ನಾನು ಬರೀ 'ಹುಲ್ಲು' ಅನ್ನೋನು. ಈ ವಯಸ್ಸಿನಲ್ಲಿ ಮಗ್ಗಿ ಕಲಿಯಬೇಕೇನಮ್ಮ?"

"ಬೇಡ ಆನೆಯಜ್ಜ. ಹೇಳಿದರೆ ಹೇಳಿದಷ್ಟು, ಹೇಳದಿದ್ದರೆ ಹಿಂದಿನ ಹಾಗೆ ಸಿಕ್ಕಷ್ಟೂ. ಕಡ್ಡಾಯವೇನಿಲ್ಲ."

ಮರುದಿನ ಕರಡಿರಾಯ ಬಂದ. "ಜೇನು" ಎಂದ.

ಕಾಗೆ ಕಾದಳು. ಕತ್ತು ಓರೆ ಮಾಡಿ ಇನ್ನಷ್ಟು ಕಾದಳು. "ಎಷ್ಟು, ರಾಯರೇ?"

"ಕಡ್ಡಾಯವಿಲ್ಲ ಎಂದು ಆನೆಗೆ ನೀನೇ ಹೇಳಿದ್ದೀಯೆ. ಈ ಊದಿದ ಮೂತಿಯಲ್ಲಿ ಇನ್ನೊಂದು ಮಾತು ಯಾಕೆ ಆಡಲಿ?"

ಮತ್ತೆ ಏಳು ಗೂಡು ಬಂದವು. ಕರಡಿರಾಯ ಓಡಿಹೋಗಿ ಕೆರೆಗೆ ಬಿದ್ದ. ಮೂಗಷ್ಟನ್ನೇ ನೀರಿನ ಮೇಲಿಟ್ಟು ಕೂಗಿದ: "ಹುಳ ಬೇಡ ಎನ್ನುವುದಕ್ಕೂ ಒಂದು ಅವಕಾಶ ಮಾಡೇ! ಅದನ್ನು ಕಡ್ಡಾಯ ಮಾಡೀಯೆ, ಜೋಕೆ!"