ಬಂದವರನ್ನು ಬಿಟ್ಟು ಬಂದ ಶಿಕ್ಷಕಿ

ಪೂಜ್ಯ ಮರುಳಮ್ಮ ತಾಯಿಯವರು ಅಂದು ಮಠದ ಹಿತ್ತಲ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಪೀಠವಿಲ್ಲ, ಪಾದುಕೆಯಿಲ್ಲ, ಕೈಯಲ್ಲೊಂದು ಮೊರ, ಅಷ್ಟೇ. ದರ್ಶನಕ್ಕೆ ಬಂದವರನ್ನೂ ಕಲ್ಲು ಆರಿಸಲು ಹಚ್ಚುತ್ತಿದ್ದರು.

ಅಲ್ಲಿಗೆ ಏದುಸಿರು ಬಿಡುತ್ತ ಬಂದವಳು ಸೌದಾಮಿನಿ. ಉಸಿರನ್ನು ಗಮನಿಸುತ್ತ ನಿಧಾನವಾಗಿ ಮೈ ಆಡಿಸುವುದನ್ನು ಕಲಿಸುವ ಶಿಕ್ಷಕಿ. ಶಾಲೆಯ ನೌಕರಿ ಬಿಟ್ಟು ಪೇಟೆಯ ಓಣಿಯಲ್ಲಿ ಸ್ವಂತ ತರಗತಿ ತೆರೆದಿದ್ದಳು. ಮೊದಲ ವಾರ ಚಾಪೆ ಹಾಸಲು ಜಾಗವಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ಕರಗಿದರು. "ಬೆವರ ಬರೂದಿಲ್ಲಲ್ರೀ, ಇದೆಂಥಾ ವ್ಯಾಯಾಮ?" ಎಂದು ನಕ್ಕು ಹೋದವರೂ ಉಂಟು. ಪಾಠ ಹೇಳುವಾಗಲೂ ಆಕೆಯ ಕಣ್ಣು ಬಾಗಿಲ ಕಡೆಗೇ. ಹೊರಗೆ ಚಪ್ಪಲಿಯ ಸದ್ದಾದರೆ ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಈ ತಿಂಗಳೂ ಯಾರೂ ಸೇರದಿದ್ದರೆ ಬಾಗಿಲು ಮುಚ್ಚಬೇಕು, "ಮೊದಲ ಹೇಳಿದ್ದಿಲ್ಲೇನು?" ಎನ್ನುವವರ ಮುಂದೆ ತಲೆ ತಗ್ಗಿಸಬೇಕು.

"ತಾಯಿ, ನನ್ನ ತರಗತಿ ತುಂಬೂ ಹಂಗ ಆಶೀರ್ವಾದ ಮಾಡ್ರಿ," ಎಂದು ಕಾಲಿಗೆರಗಿದಳು.

ತಾಯಿಯವರು ಕೇರುವುದನ್ನು ನಿಲ್ಲಿಸಿದರು. "ಇದು ಕಲಿಸೂ ಹೊತ್ತಲ್ಲೇನವ್ವಾ?"

"ಹೌದ್ರಿ. ಆದ್ರ ಒಬ್ಬರ ಬಂದಾರ, ಬಸಲಿಂಗಮ್ಮಜ್ಜಿ. ಮಲಗಿಸಿ, ಉಸಿರು ನೋಡಿಕೋತ ಇರ್ರಿ ಅಂದು ಬಂದೀನಿ."

"ಬಂದಾಕಿನ್ನ ಬಿಟ್ಟು, ಬರಲಾರದವರನ್ನ ಬೇಡಾಕ ಬಂದಿಯೇನು?"

ದನಿಯಲ್ಲಿ ಗದರಿಕೆಯಿರಲಿಲ್ಲ. ಸೌದಾಮಿನಿಗೆ ತಟ್ಟನೆ ನೆನಪಾಯಿತು: ಅಜ್ಜಿಗೆ ನೆಲದಿಂದ ತಾವಾಗಿ ಏಳಲು ಬರುವುದಿಲ್ಲ! ಎದ್ದವಳೇ ಓಡಿದಳು. ಏಳಲು ಹೋಗಿ ಬೀಳಲಿಲ್ಲ ತಾನೆ? ಕೂಗಿದರೂ ಯಾರಿಗೆ ಕೇಳೀತು?

ಅಜ್ಜಿ ಚಾಪೆಯ ಮೇಲೆ ಹಾಗೆಯೇ ಮಲಗಿದ್ದರು.

"ಬಂದ್ಯಾ ನಮ್ಮವ್ವಾ? ಉಸಿರು ನೋಡಿ ನೋಡಿ ಸಾಕಾತು. ಅದೇನ್ ಓಡಿ ಹೋಗ್ಲಿಲ್ಲ, ನೀನ ಓಡಿ ಹೋದಿ!"

ಸೌದಾಮಿನಿ ಪಕ್ಕದಲ್ಲಿ ಕುಳಿತಳು. ಆಗಲೇ ಕಂಡಿತು: ಅಜ್ಜಿಯ ಎಡಭುಜ ಚಾಪೆಗೆ ತಾಗುತ್ತಲೇ ಇಲ್ಲ.

"ಇದು ಯಾವಾಗಿನಿಂದ ಹಿಂಗೈತ್ರಿ?"

"ಭಾಳ ದಿನಾ ಆತು. ಯಾರ್ ಕೇಳ್ತಾರ, ಬಿಡು."

ಆಕೆ ಭುಜದ ಕೆಳಗೆ ಅಂಗೈಯಿಟ್ಟಳು. ಏನೂ ಹೇಳಿಕೊಡಲಿಲ್ಲ, ಅಜ್ಜಿಯ ಉಸಿರಿನ ಜೊತೆಗೇ ಕಾದಳು.

ತರಗತಿ ತುಂಬಿದ್ದು ಬಹಳ ಕಾಲದ ಮೇಲೆ. ಆದರೆ ತಾಯಿಯವರ ಆ ಪ್ರಶ್ನೆಯೇ ಆಶೀರ್ವಾದ, ಅದು ಫಲಿಸಿದ್ದು ಅಂದೇ ಎಂದು ಸೌದಾಮಿನಿ ಇಂದಿಗೂ ಕೈಮುಗಿದು ಹೇಳುತ್ತಾಳೆ. ಅಜ್ಜಿಯ ಭುಜ ಮೆಲ್ಲಗೆ, ತಾನಾಗಿಯೇ, ಅವಳ ಅಂಗೈಯಲ್ಲಿ ಇಳಿದ ಆ ಗಳಿಗೆಯಲ್ಲಿ.