ಅಮ್ಮಣ್ಣಿಯ ಎದೆಯ ಗಲ್ಲಿಗಳು

"ಸಿರಿವೊಳಲಿನ ಸಮಸ್ತ ಪ್ರಜೆಗಳೂ ಕೇಳಿ. ನಮ್ಮ ಅರಸರ ಮಗಳು ಅಮ್ಮಣ್ಣಿ ರುಕ್ಮಾಜಿಯವರು ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದು ಕೂರುತ್ತಾರೆ. ಆ ರೋಗದ ಗುಟ್ಟು ಕೋಟೆ ಬಾಗಿಲ ರಕ್ಕಸನೊಬ್ಬನಿಗೇ ಗೊತ್ತು. ಅವನ ಮೂರು ಒಗಟು ಬಿಡಿಸಿದವನಿಗೆ ಅಮ್ಮಣ್ಣಿಯನ್ನು ಕೊಟ್ಟು ಮದುವೆ, ಅರ್ಧ ರಾಜ್ಯ. ತಪ್ಪಿದವನು ರಕ್ಕಸನ ಊಟ."

ಡಂಗುರ ಆಲೆಮನೆಗೂ ಕೇಳಿಸಿತು. ಕೊಪ್ಪರಿಗೆಯ ಮುಂದೆ ಬೆಲ್ಲದ ಪಾಕದ ಹದ ನೋಡುತ್ತಿದ್ದ ಬೆಟ್ಟಯ್ಯ ಸೌಟು ಕೆಳಗಿಟ್ಟ. ಅರಮನೆಗೆ ಬೆಲ್ಲ ಹೊತ್ತು ಹೋದಾಗ ಅಮ್ಮಣ್ಣಿಯನ್ನು ಕಂಡಿದ್ದ: ಕೆಂಪೇರಿದ ಮುಖ, ನೀಲಿಗಟ್ಟಿದ ತುಟಿ. ಆ ಮುಖ ಅವನ ಕಣ್ಣಿಂದ ಹೋಗಿರಲಿಲ್ಲ.

ಅವನು ಕೋಟೆ ತಲುಪುವ ಹೊತ್ತಿಗೆ ಇಬ್ಬರು ರಾಜಕುಮಾರರು ಮುಂದೆ ನಿಂತಿದ್ದರು. ರಕ್ಕಸ ಒಗಟು ಹಾಕಿದ.

"ಊರಿಗೆಲ್ಲ ಬಡಿಸುವವನೊಬ್ಬ. ದುಡಿಯುವಾಗ ಅವನಿಗೆ ತುತ್ತು ಇಳಿಯದು. ಕೈ ಸಡಿಲಿಸಿದ ಚಣದಲ್ಲೇ ಅವನ ಊಟ. ಯಾರವನು?"

"ನಮ್ಮ ಅರಮನೆಯ ಬಾಣಸಿಗ," ಎಂದ ಮೊದಲನೆಯವನು.

"ಅವನು ಬಡಿಸೋಕೆ ಮುಂಚೇನೇ ತಿಂದಿರ್ತಾನೆ ಬಿಡು," ಎಂದು ರಕ್ಕಸ ಅವನನ್ನು ನುಂಗಿದ.

"ಹೆತ್ತ ತಾಯಿ," ಎಂದ ಎರಡನೆಯವನು.

"ಒಳ್ಳೇ ಮಾತು, ಕಣ್ಣಲ್ಲಿ ನೀರು ಬಂತು," ಎಂದ ರಕ್ಕಸ. ಕಣ್ಣೊರೆಸಿಕೊಂಡು ಅವನನ್ನೂ ನುಂಗಿದ.

ಬೆಟ್ಟಯ್ಯನ ಕೈ ಹೆದರಿಕೆಯಿಂದ ಎದೆಗೆ ಹೋಯಿತು. ಅಂಗೈ ಕೆಳಗೆ ಒಂದು ಬಡಿತ, ಒಂದು ಬಿಡುವು. ಮತ್ತೆ ಬಡಿತ, ಮತ್ತೆ ಬಿಡುವು. ಮುಷ್ಟಿ ಬಿಗಿದು ನೋಡಿದ, ಬೆರಳು ಬಿಳಿಚಿದವು. ಬಿಟ್ಟ, ಕೆಂಪಾದವು.

"ಗುಂಡಿಗೆ, ಬುದ್ಧಿ. ಹಿಂಡುವಾಗ ತನ್ನ ನಾಳಗಳನ್ನೂ ತಾನೇ ಹಿಂಡಿಕೊಳ್ಳುತ್ತೆ. ಅದು ಹೊಟ್ಟೆ ತುಂಬಿಸಿಕೊಳ್ಳೋದು ಬಿಡುವಿನಲ್ಲೇ."

ರಕ್ಕಸ ಕೂತಲ್ಲೇ ಮುಂದೆ ಬಾಗಿದ. "ರಾಜಬೀದಿಯಲ್ಲಿ ಗುಂಪಾಗಿ ಹೊರಟ ಹೊರೆಯಾಳುಗಳು ತಮ್ಮ ಮೈಗಿಂತ ಕಿರಿದಾದ ಗಲ್ಲಿಗೆ ಬರ್ತಾರೆ. ಮೈ ಮಡಿಸಿ ಒಬ್ಬೊಬ್ಬರಾಗಿ ನುಸುಳಿ, ಹೊರೆ ಇಳಿಸಿ ಹೋಗ್ತಾರೆ. ಯಾರು?"

ಮೊದಲ ಒಗಟು ಗುಂಡಿಗೆಯದಾದರೆ ಇದೂ ಅದರ ಆಸುಪಾಸಿನದೇ ಇರಬೇಕು ಅಂದುಕೊಂಡ ಬೆಟ್ಟಯ್ಯ. "ರಕ್ತದ ಕಣಗಳು. ಗಲ್ಲಿ ಅಂದರೆ ಗುಂಡಿಗೆಯ ಸಣ್ಣ ನಾಳ, ಕೂದಲಿಗಿಂತ ಸಣ್ಣದು. ಹೊರೆ ಅಂದರೆ ಉಸಿರು."

ಹೇಳಿದ ಮೇಲೆ ಅವನಿಗೇ ಮೈ ಜುಮ್ಮೆಂದಿತು. ಒಂದು ಮುಷ್ಟಿ ಮಾಂಸದೊಳಗೆ ಇಷ್ಟು ಗಲ್ಲಿ, ಇಷ್ಟು ಜನಸಂಚಾರ, ಹುಟ್ಟಿದ ಗಳಿಗೆಯಿಂದ ಒಂದು ದಿನವೂ ರಜೆಯಿಲ್ಲ. ಇದನ್ನೆಲ್ಲ ಹೊತ್ತುಕೊಂಡು ತಾನು ಇಷ್ಟು ವರ್ಷ ಓಡಾಡಿದ್ದೇನಲ್ಲ!

"ಕೊನೇದು," ಎಂದ ರಕ್ಕಸ, ತುಟಿ ಸವರಿಕೊಂಡು. "ಧಾನ್ಯ ತರುವ ಗಾಡಿ ಹೆಚ್ಚಾದಷ್ಟೂ ಊರಿಗೆ ಉಪವಾಸ. ಯಾಕೆ?"

ಬೆಟ್ಟಯ್ಯ ಅರಮನೆಯ ಮಹಡಿಯತ್ತ ನೋಡಿದ. ಕಿಟಕಿಯಲ್ಲಿ ಅದೇ ಕೆಂಪು ಮುಖ.

"ಗಲ್ಲಿಯಲ್ಲಿ ಗಾಡಿಗೆ ಗಾಡಿ ಸಿಕ್ಕಿಕೊಂಡರೆ ಯಾವುದೂ ಮನೆ ಮುಟ್ಟಲ್ಲ, ಬುದ್ಧಿ. ಕಬ್ಬಿನ ಹಾಲು ಬಿದಿರಿನ ಕೊಳವೆಯಲ್ಲಿ ಸರಾಗ ಹರಿಯುತ್ತೆ. ಪಾಕವಾದರೆ ಅಲ್ಲೇ ನಿಲ್ಲುತ್ತೆ. ಅಮ್ಮಣ್ಣಿಯವರ ರಕ್ತ ಗಟ್ಟಿಯಾಗಿದೆ. ಕಣಗಳು ಅತಿಯಾಗಿವೆ. ದೊಡ್ಡ ನಾಳದಲ್ಲಿ ಹೇಗೋ ಸಾಗುತ್ತೆ, ಗುಂಡಿಗೆಯ ಸಣ್ಣ ನಾಳದಲ್ಲಿ ತೆವಳುತ್ತೆ. ಮೈತುಂಬ ರಕ್ತ ಇದ್ದೂ ಗುಂಡಿಗೆಗೆ ಉಸಿರಿಲ್ಲ."



"ಸರಿಯಾಗಿ ಹೇಳಿದೆ," ಎಂದ ರಕ್ಕಸ. "ಆ ಗಟ್ಟಿ ರಕ್ತದ ವಾಸನೆ ಹಿಡಿದೇ ನಾನಿಲ್ಲಿ ಕೂತಿದ್ದು. ಪೂರ್ತಿ ಕುಡಿದುಬಿಡಲಾ?"

"ಒಂದೇ ಬಟ್ಟಲು. ಗಾಡಿಯೇ ಇಲ್ಲದ ಊರಿಗೂ ಉಪವಾಸವೇ. ಹದ ನಾನು ನೋಡ್ತೀನಿ, ಸಾಕು ಅಂದಾಗ ಬಾಯಿ ಹಿಂದಕ್ಕೆ ತಗೋಬೇಕು."

ಅಮ್ಮಣ್ಣಿಯನ್ನು ಕೆಳಗೆ ಹೊತ್ತು ತಂದರು. ರಾಜಕುಮಾರರನ್ನು ನುಂಗಿದ ಬಾಯಿ ಅವಳ ಮುಂಗೈ ಮೇಲೆ ಬಾಗಿ ರಕ್ತ ಹೀರತೊಡಗಿತು. ಬೆಟ್ಟಯ್ಯ ಅವಳ ತುಟಿಯನ್ನೇ ನೋಡುತ್ತಿದ್ದ. ನೀಲಿ ಕರಗಿತು.

"ಸಾಕು."

ರಕ್ಕಸ ಬಾಯಿ ಹಿಂದಕ್ಕೆ ತೆಗೆದುಕೊಂಡ. ದೊಡ್ಡದಾಗಿ ತೇಗಿ, ಕಾಡಿನ ದಾರಿ ಹಿಡಿದ.

ಅರಸರು ಆಡಿದ ಮಾತು ನಡೆಸಿಕೊಟ್ಟರು. ಧಾರೆ ಮುಗಿದದ್ದೇ ತಡ, ಅಮ್ಮಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಟೆಯ ಬುರುಜಿನ ಮೆಟ್ಟಿಲು ಹತ್ತಿದಳು. ಹುಟ್ಟಿದಾಗಿನಿಂದ ಅವಳು ತನ್ನ ಊರನ್ನು ಅಷ್ಟು ಎತ್ತರದಿಂದ ಕಂಡವಳಲ್ಲ. ಅರ್ಧದಲ್ಲೇ ನಿಂತು ಏದುಸಿರು ಬಿಡುತ್ತಿದ್ದ ಗಂಡನಿಗೆ ಮೇಲಿಂದ ಅವಳ ದನಿ ಕೇಳಿಸಿತು:

"ಬೇಗ ಬನ್ನಿ ಅಂದ್ರೆ. ಎಷ್ಟೊಂದು ಬೀದಿ ಇವೆ ಇಲ್ಲಿ."